ಸಭಾಪಾಲಕರ ಸಂಸಾರ ಮುರಿದಾಗ

ಇಂಗ್ಲೆಂಡಿನಲ್ಲಿ ನೆಲೆಸಿ ಅಲ್ಲಿನ ಆಂಗ್ಲಿಕನ್ ಚರ್ಚಿಗೆ ಹೋಗುವ ನಮ್ಮ ಸಿಎಸ್‌ಐ ಬಂಧುಗಳಿಗೆ ಒಂದು ಮಾತು. ನಿಮ್ಮ ಸಭಾಪಾಲಕರ ಮದುವೆ ಮುರಿದರೆ, ಆರಾಧನೆ ಮುಗಿದ ಮೇಲಿನ ಚಹಾದ ಹೊತ್ತಿನಲ್ಲಿ ತೀರ್ಪು ಕೊಡಬೇಡಿ. ವಿಚ್ಛೇದನವಾಯಿತೆಂದ ಮಾತ್ರಕ್ಕೆ ಅಲ್ಲಿ ಅವರ ಸೇವೆ ತಾನಾಗಿ ನಿಂತುಹೋಗುವುದಿಲ್ಲ. ವ್ಯಭಿಚಾರದಂಥ ದೂರು ಸಾಬೀತಾದರೆ ಮಾತು ಬೇರೆ: ಆ ಚರ್ಚಿನ 2003ರ ಶಿಸ್ತು ಕಾಯ್ದೆ ಸೇವೆಯ ಮೇಲೆ ನಿಗದಿತ ಅವಧಿಯ ಅಥವಾ ಜೀವನಪರ್ಯಂತದ ನಿಷೇಧಕ್ಕೆ ದಾರಿ ಮಾಡಿತು. ಅವಧಿ ಮುಗಿದರೂ ಬಿಷಪ್ಪರ ಅನುಮತಿಯಿಲ್ಲದೆ ಪ್ರಭುಭೋಜನ ನಡೆಸುವಂತಿಲ್ಲ. ಅದು ಸರಿಯೇ. ಕಳೆದುಹೋದ ನಂಬಿಕೆ ಮರಳಲು ಸಮಯ ಬೇಕು.

ನನಗೆ ಹೆಚ್ಚು ಸಂಕಟವಾಗುವುದು ಸಭಾಪಾಲಕರ ಹೆಂಡತಿಯನ್ನು ನೆನೆದಾಗ. ಪಾರ್ಸನೇಜ್ ಹುದ್ದೆಯ ಜೊತೆ ಬಂದ ಮನೆ. ಸಂಸಾರ ಒಡೆದರೆ ಆಕೆಯ ಸೂರು, ಮಕ್ಕಳ ಶಾಲೆ, ಪ್ರತಿ ಭಾನುವಾರ ಕೂರುತ್ತಿದ್ದ ಬೆಂಚು, ಎಲ್ಲವೂ ಒಟ್ಟಿಗೇ ಕೈತಪ್ಪಬಹುದು. 1983ರಲ್ಲಿ ಹುಟ್ಟಿದ ‘ಬ್ರೋಕನ್ ರೈಟ್ಸ್’ ಬಳಗ ಈ ನೋವನ್ನು ಬೆಳಕಿಗೆ ತಂದಿತು. ಇಂಥವರ ನೆರವಿಗೆಂದೇ ಡಯೋಸಿಸ್‌ಗಳಲ್ಲಿ ‘ಬಿಷಪ್ಸ್ ವಿಸಿಟರ್’ ಇರುತ್ತಾರೆ. ಅವರ ಫೋನ್ ನಂಬರನ್ನು ಆಕೆಗೆ ಮುಟ್ಟಿಸಿ. ಅಯ್ಯನವರನ್ನು ಮತ್ತೆ ಸೇವೆಗೆ ಕರೆಯಿರೆಂದು ಬಿಷಪ್ಪರಿಗೆ ಮನವಿ ಬರೆಯುವ ಮೊದಲು, ಆಕೆಗೂ ಮಕ್ಕಳಿಗೂ ಇರಲು ಮನೆ ಸಿಕ್ಕಿದೆಯೇ ಎಂದು ವಿಚಾರಿಸಿ.