ಟ್ರೈಲರಿಗೆ ಟೈರ್ ತಗೊಳ್ಳುವಾಗ ಬಟನ್ ನೋಡಿ ಮೋಸಹೋಗ್ಬೇಡಿ

ಆಯುಧ ಪೂಜೆಗೆ ಟ್ರಾಕ್ಟರ್, ಟಿಲ್ಲರ್ ಎಲ್ಲ ತೊಳೆದು, ಹೂವು ಹಾಕಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು ಗಾಡಿ ಮುಂದೆ ತೆಗೀತೇವೆ. ಆದ್ರೆ ಆ ಲಿಂಬೆಹಣ್ಣು ಇಡೋದಕ್ಕೆ ಬಗ್ಗಿದಾಗ ಟ್ರೈಲರಿನ ಟೈರನ್ನು ಒಮ್ಮೆ ಸರಿಯಾಗಿ ನೋಡಿದವರು ಎಷ್ಟು ಜನ? ಟ್ರಾಕ್ಟರ್ ಟೈರಿನ ಬಗ್ಗೆ ಎಲ್ಲರಿಗೂ ಕಾಳಜಿ. ಟ್ರೈಲರ್ ಮಾತ್ರ ಯಾವಾಗಲೂ ಹಿಂದೆ, ನಮ್ಮ ಗಮನದಲ್ಲೂ ಹಿಂದೆ.

ಕುಮಟಾ ಕಡೆಯ ನಮ್ಮ ನೆರೆಯ ಹುಡುಗನೊಬ್ಬ ಎರಡು ವರ್ಷದ ಹಿಂದೆ ಟ್ರೈಲರಿಗೆ ಎರಡು ಹಳೇ ಟೈರ್ ಹಾಕಿಸಿದ. ಬಟನ್ ಹೊಸದರ ಹಾಗೇ ಇತ್ತು, ದರವೂ ಕಡಿಮೆ. ಘಟ್ಟದ ಮೇಲಿಂದ ಗೊಬ್ಬರ ತುಂಬಿಕೊಂಡು ದೇವಿಮನೆ ಘಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಎಡಗಡೆ ಟೈರ್ ಒಡೀತು. ಟ್ರೈಲರ್ ಗುಡ್ಡದ ಬದಿಗೆ ವಾಲಿತು, ಹಾಗಾಗಿ ಅವನು ಇವತ್ತು ನಮ್ಮ ಜೊತೆ ಇದ್ದಾನೆ. ಕಣಿವೆ ಬದಿಗೆ ವಾಲಿದ್ರೆ ಈ ಲೇಖನ ಬೇರೆ ಥರ ಶುರುವಾಗ್ತಿತ್ತು. ಆಮೇಲೆ ಒಡೆದ ಟೈರಿನ ಬದಿ ಒರೆಸಿ ನೋಡಿದ್ರೆ, ಅದು ತಯಾರಾಗಿ ಒಂಬತ್ತು ವರ್ಷ ಆಗಿತ್ತು.

ಈ ವಾರದ ಪಾಠ ಇಷ್ಟೇ: ಟ್ರೈಲರಿನ ಟೈರಿಗೆ ಬಟನ್‌ಗಿಂತ ಮುಖ್ಯವಾದದ್ದು ಎರಡು, ಅದು ಹೊರುವ ಭಾರ ಮತ್ತು ಅದರ ವಯಸ್ಸು. ಈ ಎರಡನ್ನು ಓದೋದು ಗೊತ್ತಿದ್ರೆ ಕಡಿಮೆ ದುಡ್ಡಿನಲ್ಲೂ ಒಳ್ಳೇ ಟೈರ್ ಸಿಗ್ತದೆ.

ಟ್ರೈಲರಿನ ಟೈರ್ ಸವೆಯೋದಕ್ಕಿಂತ ಮೊದಲು ಮುದಿಯಾಗ್ತದೆ

ಟ್ರಾಕ್ಟರಿನ ಹಿಂದಿನ ಚಕ್ರ ಎಳೀತದೆ, ನೆಲ ಕೆರೀತದೆ, ಅದರ ಬಟನ್ ಸವೀತದೆ. ಟ್ರೈಲರಿನ ಚಕ್ರ ಸುಮ್ಮನೆ ಉರುಳ್ತದೆ, ಭಾರ ಹೊರ್ತದೆ. ಅದೂ ವರ್ಷದಲ್ಲಿ ಕೆಲವೇ ತಿಂಗಳು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚಿನ ಟ್ರೈಲರ್ ಕೊಟ್ಟಿಗೆಯ ಬದಿಗೆ ನಿಂತೇ ಇರ್ತದೆ. ಗಾಳಿ ನಿಧಾನಕ್ಕೆ ಇಳೀತದೆ, ಒಂದೇ ಜಾಗದ ಮೇಲೆ ಭಾರ ಕೂತಿರ್ತದೆ. ಮಳೆ ಹೋದಮೇಲೆ ಬಿಸಿಲು. ರಬ್ಬರ್ ಒಣಗಿ ಗಟ್ಟಿಯಾಗಿ ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಬಿಡ್ತದೆ. ಬಟನ್ ಮಾತ್ರ ಹಾಗೇ ಇರ್ತದೆ!

ಅದಕ್ಕೇ ಸೆಕೆಂಡ್ ಹ್ಯಾಂಡ್ ಟ್ರೈಲರ್ ಟೈರಿನಲ್ಲಿ ಬಟನ್ ಚೆನ್ನಾಗಿದ್ರೆ ಖುಷಿಪಡೋದಕ್ಕೆ ಮೊದಲು ಅನುಮಾನ ಪಡಿ. ಇಷ್ಟು ದಿನ ಓಡದೆ ಎಲ್ಲಿ ನಿಂತಿತ್ತು ಇದು ಅಂತ ಕೇಳಿ.

ಟೈರಿನ ಜಾತಕ ಅದರ ಬದಿಯಲ್ಲೇ ಇದೆ

ಒಂದು ಒದ್ದೆ ಬಟ್ಟೆ, ಒಂದು ಸೀಮೆಸುಣ್ಣ, ನಿಮ್ಮ ಮೊಬೈಲ್ ಸಾಕು. ಟೈರಿನ ಬದಿ ಒರೆಸಿ, ಎದ್ದಿರುವ ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜಿ. ಬೆಳ್ಳಗೆ ಕಾಣ್ತದೆ. ಟಾರ್ಚ್ ಹಾಕಿ ಫೋಟೋ ತೆಗೀರಿ. ನೋಡಬೇಕಾದ್ದು ಇವು:

1. ಅಳತೆ. 6.00-16, 7.50-16, 9.00-16 ಹೀಗೆ ಬರೆದಿರ್ತದೆ. ಮೊದಲಿನದು ಟೈರಿನ ಅಗಲ ಇಂಚಿನಲ್ಲಿ, ಕೊನೆಯದು ಡಿಸ್ಕಿನ ಅಳತೆ. ಕೊನೆಯ ಸಂಖ್ಯೆ ನಿಮ್ಮ ಡಿಸ್ಕಿಗೆ ಕೂಡಲೇಬೇಕು. ಅಗಲ ಜಾಸ್ತಿ ಮಾಡೋದಾದ್ರೆ ಡಿಸ್ಕ್ ಅದನ್ನು ಹಿಡೀತದಾ, ಟೈರ್ ಬಾಡಿಗೆ ತಾಗ್ತದಾ ಅಂತ ಮೊದಲೇ ನೋಡ್ಕೊಳ್ಳಿ.

2. ಪಿ.ಆರ್. ಅಂದ್ರೆ ಪ್ಲೈ ರೇಟಿಂಗ್. 8 ಪಿ.ಆರ್., 16 ಪಿ.ಆರ್. ಅಂತ ಇರ್ತದೆ. ಒಳಗೆ ಅಷ್ಟೇ ಪದರ ಇದೆ ಅಂತ ಅರ್ಥ ಅಲ್ಲ, ಅದು ಬಲದ ದರ್ಜೆ. ಒಂದೇ ಅಳತೆಯ ಎರಡು ಟೈರಿನಲ್ಲಿ ಒಂದು ಅಗ್ಗ, ಒಂದು ದುಬಾರಿ ಇದ್ರೆ ಮೊದಲು ಪಿ.ಆರ್. ಹೋಲಿಸಿ. ಹೆಚ್ಚಿನ ಸಲ ಗುಟ್ಟು ಅಲ್ಲೇ ಇರ್ತದೆ.

3. ಭಾರದ ಸಂಖ್ಯೆ ಮತ್ತು ವೇಗದ ಅಕ್ಷರ. ಸಂಖ್ಯೆಯ ಪಕ್ಕ ಇಂಗ್ಲಿಷ್ ಅಕ್ಷರ ಇರ್ತದೆ. 100 ಅಂದ್ರೆ ಒಂದು ಟೈರ್ 800 ಕೆಜಿ ಹೊರ್ತದೆ. 120 ಅಂದ್ರೆ 1400 ಕೆಜಿ, 130 ಅಂದ್ರೆ 1900 ಕೆಜಿ, 140 ಅಂದ್ರೆ 2500 ಕೆಜಿ. ಅಕ್ಷರ ಎ6 ಇದ್ರೆ ಗಂಟೆಗೆ 30 ಕಿ.ಮೀ. ವೇಗಕ್ಕೆ, ಎ8 ಇದ್ರೆ 40 ಕಿ.ಮೀ. ವೇಗಕ್ಕೆ ಮಾಡಿದ್ದು. ಟ್ರಾಕ್ಟರಿಗೆ ಇದು ಸಾಕು. ಅದೇ ಟ್ರೈಲರನ್ನು ಪಿಕಪ್ ಹಿಂದೆ ಕಟ್ಟಿ ಹೆದ್ದಾರಿ 66ರಲ್ಲಿ ಜೋರಾಗಿ ಎಳೆದ್ರೆ ಟೈರ್ ಕಾದು ಒಡೀತದೆ.

4. ಹುಟ್ಟಿದ ದಿನ. ಒಂದು ಸಣ್ಣ ಚೌಕದಲ್ಲೋ ಉದ್ದ ಗುರುತಿನ ಕೊನೆಯಲ್ಲೋ ನಾಲ್ಕು ಅಂಕಿ ಇರ್ತದೆ. 2319 ಅಂತಿದ್ರೆ 2019ರ 23ನೇ ವಾರ, ಅಂದ್ರೆ ಜೂನ್ ಸುಮಾರಿಗೆ ತಯಾರಾದದ್ದು. ಹೊಸ ಟೈರ್ ಅಂತ ಕೊಡುವಾಗ ಒಂದು ವರ್ಷಕ್ಕಿಂತ ಹಳೇದು ಇದ್ರೆ ದರ ಇಳಿಸಿ ಕೇಳಿ. ಹಳೇ ಟೈರ್ ಆದ್ರೆ ಐದು ವರ್ಷ ದಾಟಿದ್ದನ್ನು ಭಾರದ ಕೆಲಸಕ್ಕೆ ತಗೊಳ್ಬೇಡಿ. ಈ ಅಂಕಿಯನ್ನೇ ಕೆರೆದು ತೆಗೆದಿದ್ರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮ ಭಾರದ ಲೆಕ್ಕ ಮೊದಲು ಹಾಕಿ

ಅನುಭವ ಇರುವ ಟೈರ್ ಅಂಗಡಿಯವರು ಮೊದಲು ಕೇಳುವ ಪ್ರಶ್ನೆ ಇದೇ: "ತಮ್ಮಾ, ಎಂತ ಹೊರ್ಸೂದು ಗಾಡಿ ಮೇಲೆ?" ಇದಕ್ಕೆ ಉತ್ತರ ನಿಮ್ಮ ಹತ್ತಿರ ಇರಬೇಕು.

ಟ್ರೈಲರ್ ತುಂಬ ಒಣ ಹುಲ್ಲು ಹಾಕಿದ್ರೆ ಎತ್ತರ ಜಾಸ್ತಿ, ಭಾರ ಕಡಿಮೆ. ಅದೇ ಟ್ರೈಲರಿಗೆ ಒದ್ದೆ ಮಣ್ಣು ಅಥವಾ ಮರಳು 100 ಘನ ಅಡಿ ತುಂಬಿದ್ರೆ ನಾಲ್ಕು ಟನ್ ದಾಟ್ತದೆ. ಚಿರೆಕಲ್ಲೂ ಹಾಗೇ, ನೋಡೋಕೆ ಅರ್ಧ ಟ್ರೈಲರ್, ತೂಕಕ್ಕೆ ಪೂರ್ತಿ. ಒಮ್ಮೆಯಾದರೂ ತುಂಬಿದ ಗಾಡಿಯನ್ನು ತೂಕದ ಕಾಟಾ ಮೇಲೆ ಹತ್ತಿಸಿ ಚೀಟಿ ಇಟ್ಕೊಳ್ಳಿ.

ಉದಾಹರಣೆ ನೋಡಿ. ಎರಡು ಚಕ್ರದ ಖಾಲಿ ಟ್ರೈಲರ್ 1000 ಕೆಜಿ, ಹೊರೆ 3000 ಕೆಜಿ, ಒಟ್ಟು 4000 ಕೆಜಿ ಅಂತಿಟ್ಕೊಳ್ಳಿ. ಸ್ವಲ್ಪ ಭಾರ ಟ್ರಾಕ್ಟರಿನ ಕೊಕ್ಕೆ ಮೇಲೆ ಬೀಳ್ತದೆ, ಅದನ್ನು ಲೆಕ್ಕಕ್ಕೆ ಹಿಡೀಬೇಡಿ. ಎರಡು ಟೈರಿಗೆ ಹಂಚಿದ್ರೆ ಒಂದಕ್ಕೆ 2000 ಕೆಜಿ. ನಮ್ಮ ದಾರಿ ಸಮ ಇಲ್ಲ. ಒಂದು ಚಕ್ರ ಹೊಂಡಕ್ಕೆ ಇಳಿದ್ರೆ ಆ ಬದಿಗೇ ಭಾರ ಬರ್ತದೆ. ಹಾಗಾಗಿ ನೂರಕ್ಕೆ ಇಪ್ಪತ್ತು ಸೇರಿಸಿ, 2400 ಕೆಜಿ ಆಯ್ತು. 130 ಸಂಖ್ಯೆಯ ಟೈರ್ ಸಾಲೋದಿಲ್ಲ, 140 ಬೇಕು. ನಾಲ್ಕು ಚಕ್ರದ ಟ್ರೈಲರಾದ್ರೆ ಒಂದಕ್ಕೆ 1000, ಇಪ್ಪತ್ತು ಸೇರಿಸಿದ್ರೆ 1200. 120 ಸಂಖ್ಯೆಯದೇ ಸಾಕು, ದುಡ್ಡೂ ಉಳೀತದೆ.

ಹೊನ್ನಾವರದಿಂದ ಗೇರುಸೊಪ್ಪ ಘಟ್ಟ, ಭಟ್ಕಳದಿಂದ ಕೋಗಾರ ಘಟ್ಟ, ಕುಮಟಾದಿಂದ ದೇವಿಮನೆ ಘಟ್ಟ, ಇವುಗಳನ್ನು ಹತ್ತಿ ಇಳಿಯುವ ಗಾಡಿಯಾದ್ರೆ ಈ ಲೆಕ್ಕದಲ್ಲಿ ಜುಗ್ಗತನ ಮಾಡಲೇಬೇಡಿ. ಬರೀ ಗದ್ದೆಯಿಂದ ಮನೆಗೆ ಹುಲ್ಲು, ಭತ್ತ, ತೋಟದಿಂದ ಅಡಿಕೆಗೊನೆ ತರೋದಾದ್ರೆ ಕಡಿಮೆ ದರ್ಜೆಯದ್ದು ನಡೀತದೆ. ಹೊಸದು, ಹಳೇದು ಅನ್ನೋ ತೀರ್ಮಾನ ಕೂಡ ಇಲ್ಲಿಂದಲೇ ಬರಬೇಕು.

ಹೊಸದೋ, ರೀಸೋಲೋ, ಹಳೇದೋ?

*ಹೊಸ ಟೈರ್:* ಭಾರದ ಕೆಲಸ, ಘಟ್ಟದ ದಾರಿ, ಬಾಡಿಗೆ ಗಾಡಿಗೆ ಇದೇ ಸರಿ. ಟ್ರಾಕ್ಟರ್ ಹಿಂದಿನ ಚಕ್ರದಂಥ ದಪ್ಪ ಬಟನ್ ಟ್ರೈಲರಿಗೆ ಬೇಡ. ಉದ್ದ ಗೆರೆಯ ಟೈರ್ ಹಗುರಾಗಿ ಉರುಳ್ತದೆ, ಡೀಸೆಲ್ ಉಳೀತದೆ.

*ರೀಸೋಲ್ ಟೈರ್:* ಹಳೇ ಟೈರಿನ ಮೇಲೆ ಹೊಸ ಬಟನ್ ಅಂಟಿಸಿದ್ದು. ಸರ್ಕಾರಿ ಬಸ್ಸಿಗೂ ರೀಸೋಲ್ ಟೈರ್ ಬಳಸ್ತಾರೆ, ಹಾಗಾಗಿ ಇದು ಕಳಪೆ ಅಂತ ತಿಳೀಬೇಡಿ. ಆದ್ರೆ ಬಟನ್ ಹೊಸದು, ಒಳಗಿನ ದೇಹ ಹಳೇದು. ಎಷ್ಟನೇ ಸಲದ ರೀಸೋಲ್, ದೇಹದ ವಯಸ್ಸೆಷ್ಟು ಅಂತ ಕೇಳಿ. ನಿಧಾನ ಓಡುವ ಟ್ರೈಲರಿಗೆ ಒಳ್ಳೇ ದೇಹದ ರೀಸೋಲ್ ಲಾಭದ ವ್ಯವಹಾರ.

*ಹಳೇ ಟೈರ್:* ಹುಲ್ಲು, ಸೊಪ್ಪಿನಂಥ ಹಗುರ ಕೆಲಸಕ್ಕೆ ಮಾತ್ರ. ತಗೊಳ್ಳುವಾಗ ಕೈ ಒಳಗೆ ಹಾಕಿ ಸುತ್ತಲೂ ಸವರಿ. ಉಬ್ಬು, ತಂತಿ, ಪ್ಯಾಚ್ ಸಿಕ್ಕಿದ್ರೆ ಬೇಡ. ಬದಿಯನ್ನು ಮಡಚಿ ನೋಡಿ. ಬಿರುಕಿನ ಒಳಗೆ ನೂಲು ಕಂಡ್ರೆ ಬೇಡ. ಕಪ್ಪು ಪಾಲಿಶ್ ಹೊಳೀತಿದ್ರೆ ಬಟ್ಟೆಯಿಂದ ಒರೆಸಿ. ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಗೆರೆ ಕೊರೆದು ಹೊಸ ಬಟನ್ ಥರ ತೋರಿಸ್ತಾರೆ. ಕೊರೆದ ಗೆರೆಯ ಅಂಚು ಒರಟಾಗಿರ್ತದೆ, ಆಳ ಒಂದೇ ಸಮ ಇರೋದಿಲ್ಲ.

ಯಾವುದು ಅಗ್ಗ ಅನ್ನೋದಕ್ಕೆ ವರ್ಷದ ಲೆಕ್ಕ ಹಾಕಿ. ಹೊಸದು 12,000 ರೂಪಾಯಿ, ಆರು ವರ್ಷ ಬಂತು ಅಂದ್ರೆ ವರ್ಷಕ್ಕೆ 2,000. ಹಳೇದು 4,000 ರೂಪಾಯಿ, ಒಂದೂವರೆ ವರ್ಷ ಬಂತು ಅಂದ್ರೆ ವರ್ಷಕ್ಕೆ ಸುಮಾರು 2,670. ಮೇಲಿಂದ ಪಂಚರ್ ಖರ್ಚು, ಕೊಯ್ಲಿನ ದಿನ ನಿಂತ ಗಾಡಿ. ಇದು ಲೆಕ್ಕ ತೋರಿಸೋದಕ್ಕೆ ಹಾಕಿದ ದರ, ನಿಮ್ಮ ಅಂಗಡಿಯ ದರ ಹಾಕಿ ನೀವೇ ಮಾಡಿ ನೋಡಿ.

ಮೊಬೈಲಿನಲ್ಲೇ ಮೂರು ಕಡೆ ದರ ಕೇಳಿ

ಟೈರ್ ಒಡೆದ ದಿನ ಅಂಗಡಿಗೆ ಓಡಿದ್ರೆ ಅವರು ಹೇಳಿದ್ದೇ ದರ. ಈಗಲೇ ಕೇಳಿ. ಹಳೇ ಟೈರಿನ ಬದಿಯ ಫೋಟೋ, ಡಿಸ್ಕಿನ ಫೋಟೋ ತೆಗೆದು ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯ ಅಂಗಡಿಗೆ ವಾಟ್ಸಾಪ್ ಮಾಡಿ. ಹೀಗೆ ಬರೆದ್ರೆ ಸಾಕು: "ಅಣ್ಣಾ, ಈ ಅಳತೆಗೆ ಟ್ರೈಲರ್ ಟೈರ್ ಬೇಕಿತ್ತು. ಪಿ.ಆರ್. ಎಷ್ಟು, ಭಾರದ ಸಂಖ್ಯೆ ಎಷ್ಟು, ಯಾವ ವರ್ಷದ್ದು? ಟ್ಯೂಬ್, ಫ್ಲ್ಯಾಪ್, ಫಿಟಿಂಗ್ ಸೇರಿ ಬಿಲ್ ಸಮೇತ ಎಷ್ಟಾಗ್ತದೆ?" ಟ್ಯೂಬು, ಫ್ಲ್ಯಾಪು ಬಿಟ್ಟು ಹೇಳುವ ದರ ಕೇಳೋಕೆ ಮಾತ್ರ ಕಡಿಮೆ.

ಬಿಲ್ ಬೇಡ ಅಂದ್ರೆ ಇಷ್ಟು ಕಡಿಮೆ ಅಂತ ಹೇಳಿದ್ರೆ ಒಪ್ಪಬೇಡಿ. ಟೈರಿನಲ್ಲಿ ತಯಾರಿಕೆಯ ದೋಷ ಇದ್ರೆ ಕಂಪನಿಗೆ ತೋರಿಸೋದಕ್ಕೆ ಬಿಲ್ ಬೇಕು. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಟೈರಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ, ಲಾರಿ, ಜೀಪಿನಂಥ ಬೇರೆ ಟೈರುಗಳದ್ದು ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ನಿಮ್ಮ ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ, ಯಾಕೆ ಅಂತ ನೋಡಿ, ಕೇಳಿ.

ಹಾಕಿಸುವಾಗ ಜೀವದ ಮೇಲೆ ಎಚ್ಚರ

ಒಂದೇ ಆಕ್ಸಲಿಗೆ ಎರಡೂ ಬದಿ ಒಂದೇ ಅಳತೆ, ಒಂದೇ ದರ್ಜೆ ಇರಲಿ. ಒಂದು ಬದಿ ನೈಲಾನ್, ಇನ್ನೊಂದು ಬದಿ ರೇಡಿಯಲ್ ಹಾಕ್ಬೇಡಿ. ಹೊಸ ಟೈರಿಗೆ ಹಳೇ ಟ್ಯೂಬ್ ಹಾಕ್ಬೇಡಿ. ಹಿಗ್ಗಿದ ಟ್ಯೂಬ್ ಒಳಗೆ ಮಡಚಿಕೊಂಡು ಅಲ್ಲೇ ಕತ್ತರಿಸ್ತದೆ.

ಅಘನಾಶಿನಿ ದಂಡೆಯ ಗಜನಿ ಗದ್ದೆಯಲ್ಲಿ ಕಗ್ಗ ಬೆಳೆಯುವವರು, ಸಮುದ್ರದ ಬದಿಯವರು ಡಿಸ್ಕನ್ನು ವಿಶೇಷವಾಗಿ ನೋಡಿ. ಉಪ್ಪುನೀರಿಗೆ ಡಿಸ್ಕ್ ತುಕ್ಕು ಹಿಡಿದು ಪದರ ಏಳ್ತದೆ, ಆ ತುಕ್ಕೇ ಟ್ಯೂಬನ್ನು ತಿಂತದೆ. ಟೈರ್ ಬಿಚ್ಚಿದಾಗ ತುಕ್ಕು ಕೆರೆದು ಪೈಂಟ್ ಹೊಡೀರಿ. ಗಜನಿಗೆ ಹೋಗಿ ಬಂದ ದಿನ ಸಿಹಿನೀರಿನಲ್ಲಿ ತೊಳೀರಿ.

ಡಿಸ್ಕಿಗೆ ಬಿಡಿ ರಿಂಗ್ ಇದ್ರೆ ಮನೆಯಲ್ಲಿ ಗಾಳಿ ತುಂಬುವ ಸಾಹಸ ಬೇಡ. ಸರಿಯಾಗಿ ಕೂರದ ರಿಂಗ್ ಗಾಳಿಯ ಒತ್ತಡಕ್ಕೆ ಹಾರಿದ್ರೆ ಎದುರಿಗಿದ್ದವರ ಜೀವ ಉಳಿಯೋದು ಕಷ್ಟ. ಕಬ್ಬಿಣದ ಪಂಜರ ಇರುವ ಕಡೆಗೇ ಹೋಗಿ. ಗಾಳಿ ಹಾಕುವಾಗ ಎದುರಿಗೆ ನಿಲ್ಬೇಡಿ, ಗಾಳಿ ಇರುವಾಗ ರಿಂಗಿಗೆ ಸುತ್ತಿಗೆ ಹೊಡೀಬೇಡಿ. ಎರಡು ಹೋಳಿನ ಡಿಸ್ಕ್ ಆದ್ರೆ ಗಾಳಿ ಪೂರ್ತಿ ಬಿಡದೆ ಹೋಳು ಕೂಡಿಸಿದ ಬೋಲ್ಟ್ ಮುಟ್ಟಬೇಡಿ.

ಮೊದಲ ಹೊರೆ ಹೊತ್ತು ಬಂದಮೇಲೆ ಚಕ್ರದ ನಟ್ ಇನ್ನೊಮ್ಮೆ ಬಿಗಿ ಮಾಡಿ. ಗಾಳಿ ಎಷ್ಟಿರಬೇಕು ಅಂತ ಟೈರಿನ ಬದಿಯಲ್ಲೇ ಬರೆದಿದೆ. ಒದ್ದು ನೋಡಿ ಗಾಳಿ ಹೇಳೋದು ಬೇಡ, ಬೆಳಿಗ್ಗೆ ಗಾಡಿ ಹೊರಡೋದಕ್ಕೆ ಮೊದಲು ಮೀಟರ್ ಇಟ್ಟು ನೋಡಿ. ಗಾಳಿ ಕಡಿಮೆ ಇದ್ರೆ ಬದಿ ಮಡಚಿ ಮಡಚಿ ಕಾಯ್ತದೆ, ಕಾದದ್ದು ಒಡೀತದೆ. ಮಳೆಗಾಲಕ್ಕೆ ನಿಲ್ಲಿಸುವಾಗ ಆಕ್ಸಲ್ ಕೆಳಗೆ ಕಲ್ಲು ಕೊಟ್ಟು ಚಕ್ರ ಎತ್ತಿಡಿ, ಟೈರಿಗೆ ಬಿಸಿಲು ಬೀಳದ ಹಾಗೆ ಗೋಣಿ ಮುಚ್ಚಿ.

ಈ ವಾರದ ಕೆಲಸ

ನಾಳೆ ಬೆಳಿಗ್ಗೆ ಚಾ ಕುಡಿದು ಟ್ರೈಲರ್ ಹತ್ತಿರ ಹೋಗಿ. ಪ್ರತಿ ಟೈರಿನ ನಾಲ್ಕು ಅಂಕಿ ಮತ್ತು ಭಾರದ ಸಂಖ್ಯೆ ಫೋಟೋ ತೆಗೆದು ಮೊಬೈಲಿನಲ್ಲಿ ಒಂದು ಕಡೆ ಇಡಿ. ಸ್ಟೆಪ್ನಿಯನ್ನೂ ಮರೀಬೇಡಿ, ಎಲ್ಲಕ್ಕಿಂತ ಮುದಿ ಟೈರ್ ಅದೇ ಆಗಿರ್ತದೆ. ನಿಮ್ಮ ಹೊರೆಯ ಲೆಕ್ಕದ ಜೊತೆ ಹೋಲಿಸಿ. ಎರಡೂ ಟೈರ್ ಒಟ್ಟಿಗೆ ಬದಲಿಸೋಕೆ ದುಡ್ಡು ಸಾಲದಿದ್ರೆ ಹೊರೆ ಅರ್ಧ ಮಾಡಿ, ಎರಡು ಸಲ ಹೋಗಿ ಬನ್ನಿ. ಒಂದು ಸುತ್ತಿನ ಡೀಸೆಲ್ ಹೆಚ್ಚು ಹೋಗ್ತದೆ, ಹೋಗಲಿ. ಘಟ್ಟದ ತಿರುವಿನಲ್ಲಿ ಟ್ರೈಲರ್ ಯಾವ ಬದಿಗೆ ವಾಲ್ತದೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಯಾವ ಟೈರ್ ಹಾಕಿ ಹೊರಡ್ತೇವೆ ಅನ್ನೋದು ನಮ್ಮ ಕೈಯಲ್ಲೇ ಇದೆ.