ತಲೆಗೆ ಪೆಟ್ಟಾದ ಮಾಜಿ ಸೈನಿಕರು: ಮನೆಯಲ್ಲೇ ಪುನರ್ವಸತಿ



ಕಾಲು ಕಳೆದುಕೊಂಡು ಬಂದ ಸೈನಿಕನನ್ನು ಕಂಡರೆ ಯಾರಿಗಾದರೂ ಅರ್ಥವಾಗುತ್ತದೆ. ಬಸ್ಸಿನಲ್ಲಿ ಎದ್ದು ಜಾಗ ಬಿಟ್ಟುಕೊಡುತ್ತಾರೆ. ಆದರೆ ಮಿದುಳಿಗೆ ಪೆಟ್ಟಾಗಿ ಬಂದವನನ್ನು ನೋಡಿ, "ಆಳು ಗಟ್ಟಿಮುಟ್ಟಾಗೇ ಇದ್ದಾನಲ್ಲ, ಏನಾಗಿದೆ ಇವನಿಗೆ?" ಅಂತಾರೆ. ಹೊರಗಿನ ಗಾಯ ಮಾಯ್ದಿರುತ್ತದೆ. ಪೆಟ್ಟು ಸಣ್ಣದಾಗಿದ್ದರೆ ಸ್ಕ್ಯಾನಿನಲ್ಲೂ ಏನೂ ಕಾಣದೆ ಇರಬಹುದು. ಆದರೆ ಮನೆಯವರಿಗೆ ಮಾತ್ರ ಗೊತ್ತು: ಹೋದ ಮನುಷ್ಯ ಬೇರೆ, ಬಂದ ಮನುಷ್ಯ ಬೇರೆ. ಇಂಥ ಮನೆಗೆ ನಾವು ಹೋದಾಗ ಏನು ನೋಡಬೇಕು, ಏನು ಮಾಡಬೇಕು ಎಂಬುದೇ ಈ ತಿಂಗಳ ಪಾಠ.

೧. ಪೆಟ್ಟಾದಾಗ ಒಳಗೆ ಏನಾಗುತ್ತದೆ?

ಮಿದುಳು ಮೃದುವಾದ ಅಂಗ. ಹತ್ತಿರದಲ್ಲೇ ಬಾಂಬ್ ಸಿಡಿದಾಗ ಅದರ ಅಲೆ ತಲೆಬುರುಡೆಯನ್ನು ದಾಟಿ ಹೋಗುತ್ತದೆ. ತಲೆ ಒಡೆಯದಿದ್ದರೂ ಒಳಗೆ ಮಿದುಳು ಅಲುಗಾಡುತ್ತದೆ. ವಾಹನ ಮಗುಚಿದಾಗ, ಎತ್ತರದಿಂದ ಬಿದ್ದಾಗಲೂ ಹೀಗೇ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಕೆಲಸವನ್ನು ಯೋಚಿಸಿ ಶುರುಮಾಡುವ ಶಕ್ತಿ, ಸಿಟ್ಟನ್ನು ತಡೆಹಿಡಿಯುವ ಶಕ್ತಿ ಎರಡೂ ಕುಗ್ಗುತ್ತವೆ. ಜೊತೆಗೆ ಮರೆವು, ತಲೆನೋವು, ನಿದ್ದೆ ಬಾರದಿರುವುದು, ಬೇಗ ಸುಸ್ತಾಗುವುದು, ಬೆಳಕು ಗದ್ದಲ ತಡೆಯಲಾಗದಿರುವುದು ಇವೆಲ್ಲ ಇರಬಹುದು.

ಇಲ್ಲೇ ಮನೆಯವರು ತಪ್ಪು ತಿಳಿಯುವುದು. ಬೆಳಗ್ಗೆಯಿಂದ ಕುರ್ಚಿಯಲ್ಲೇ ಕೂತಿದ್ದರೆ "ಸೋಮಾರಿ" ಅಂತಾರೆ. ಹೇಳಿದ ಮಾತು ಮರೆತರೆ "ಬೇಕಂತಲೇ ಮಾಡ್ತಾನೆ" ಅಂತಾರೆ. ಸಿಡುಕಿದರೆ "ಮಿಲಿಟರಿ ಗತ್ತು" ಅಂತಾರೆ. ಬಯ್ಗುಳದಿಂದ ನೆನಪಿನ ಶಕ್ತಿ ಹೆಚ್ಚೋದಿಲ್ಲ; ಮನಸ್ಸು ಮುರಿಯುತ್ತದೆ, ಅಷ್ಟೆ. ಹೆಂಡತಿ ಮಕ್ಕಳು ದೂರವಾಗುತ್ತಾರೆ. ಕೊನೆಗೆ ಗಾಯಕ್ಕಿಂತ ಒಡೆದ ಸಂಸಾರವೇ ದೊಡ್ಡ ಕಷ್ಟವಾಗುತ್ತದೆ.

೨. ಅಮೆರಿಕ ಕಲಿತ ಪಾಠ

ಈ ವಿಷಯದಲ್ಲಿ ಬಹಳ ಅಧ್ಯಯನ ನಡೆದಿರುವುದು ಅಮೆರಿಕದಲ್ಲಿ. 2001ರಲ್ಲಿ ಅಫ್ಘಾನಿಸ್ತಾನದಲ್ಲಿ, 2003ರಲ್ಲಿ ಇರಾಕಿನಲ್ಲಿ ಶುರುವಾದ ಯುದ್ಧಗಳಲ್ಲಿ ರಸ್ತೆ ಬದಿ ಹುದುಗಿಸಿಟ್ಟ ಬಾಂಬುಗಳಿಂದ ಗಾಯಗೊಂಡವರು ಬಹಳ ಮಂದಿ. ಒಳ್ಳೆಯ ಶಿರಸ್ತ್ರಾಣ, ಬೇಗ ಸಿಕ್ಕಿದ ಚಿಕಿತ್ಸೆಯಿಂದ ಜೀವ ಉಳಿಯಿತು. ಆದರೆ ಮಿದುಳಿಗೆ ಆದ ಪೆಟ್ಟು ಜೊತೆಯಲ್ಲೇ ಮನೆಗೆ ಬಂತು. ಅಲ್ಲಿನ ಮಾಜಿ ಸೈನಿಕರ ಇಲಾಖೆ 2007ರಿಂದ, ಈ ಯುದ್ಧಗಳಿಂದ ಬಂದು ತನ್ನ ಆಸ್ಪತ್ರೆಗಳಿಗೆ ಬರುವವರಲ್ಲಿ ಮಿದುಳಿನ ಪೆಟ್ಟಿನ ಲಕ್ಷಣಗಳಿವೆಯೇ ಎಂದು ಕೇಳಿ ತಿಳಿಯುವ ಪದ್ಧತಿ ತಂದಿತು.

ಆಗ ಒಂದು ತೊಂದರೆ ಕಂಡುಬಂತು. ಆಸ್ಪತ್ರೆಯ ಶಾಂತ ಕೋಣೆಯಲ್ಲಿ ಚೆನ್ನಾಗಿ ಮಾಡಿದ ಕೆಲಸವನ್ನು ಮನುಷ್ಯ ಮನೆಯಲ್ಲಿ ಮಾಡಲಾರ. ಮನೆಯಲ್ಲಿ ಟಿ.ವಿ. ಇದೆ, ಮಕ್ಕಳಿದ್ದಾರೆ, ಫೋನ್ ಇದೆ, ಬಿಲ್ಲುಗಳ ರಾಶಿ ಇದೆ. ಹಾಗಾದರೆ ಕಲಿಸುವವರೇ ಮನೆಗೆ ಹೋದರೆ ಹೇಗೆ?

ಫಿಲಡೆಲ್ಫಿಯಾ ನಗರದ ಮಾಜಿ ಸೈನಿಕರ ಆಸ್ಪತ್ರೆಯ ಸಂಶೋಧಕರು ಇದನ್ನೇ ಮಾಡಿ ನೋಡಿದರು. ಲರೈನ್ ವಿಂಟರ್, ಹೆಲೀನ್ ಮೊರಿಯಾರ್ಟಿ ಮತ್ತು ಅವರ ಜೊತೆಯವರು 81 ಮಾಜಿ ಸೈನಿಕರನ್ನು, ಪ್ರತಿಯೊಬ್ಬರ ಜೊತೆ ಮನೆಯ ಒಬ್ಬರನ್ನು ಸೇರಿಸಿಕೊಂಡು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿನವರ ಮನೆಗೆ ಮೂರು ನಾಲ್ಕು ತಿಂಗಳ ಅವಧಿಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ತಜ್ಞರು, ಆರು ಸಲ ಹೋದರು. ಎರಡು ಸಲ ಫೋನಿನಲ್ಲಿ ಮಾತಾಡಿದರು. ಏನು ಸರಿಯಾಗಬೇಕು ಎಂಬ ಪಟ್ಟಿಯನ್ನು ತಜ್ಞರು ತಮ್ಮಷ್ಟಕ್ಕೆ ಬರೆಯಲಿಲ್ಲ. ಸೈನಿಕನನ್ನೂ ಮನೆಯವರನ್ನೂ ಕೂರಿಸಿಕೊಂಡು "ನಿಮಗೆ ಯಾವುದು ಹೆಚ್ಚು ಕಷ್ಟ?" ಎಂದು ಕೇಳಿ, ಅವರು ಹೇಳಿದ್ದನ್ನೇ ಹಿಡಿದುಕೊಂಡರು.

2016ರಲ್ಲಿ ಫಲಿತಾಂಶ ಪ್ರಕಟವಾಯಿತು. ತಜ್ಞರು ಮನೆಗೆ ಹೋದ ಗುಂಪಿನವರು ಜನರ ನಡುವೆ ಬೆರೆಯುವುದರಲ್ಲಿ ಮುಂದಿದ್ದರು. ತಾವೇ ಆರಿಸಿಕೊಂಡ ತೊಂದರೆಗಳನ್ನು ನಿಭಾಯಿಸುವುದು ಅವರಿಗೆ ಸುಲಭವಾಗಿತ್ತು. ಮನೆಯವರಲ್ಲಿ ಖಿನ್ನತೆಯ ಲಕ್ಷಣಗಳೂ, ಹೊತ್ತ ಭಾರದ ಭಾವನೆಯೂ ಕಡಿಮೆ ಇದ್ದವು. ಆದರೆ "ನನ್ನ ಸಾಮರ್ಥ್ಯ ಎಷ್ಟು?" ಎಂದು ಸೈನಿಕರು ತಮಗೆ ತಾವೇ ಕೊಟ್ಟುಕೊಂಡ ಅಂಕದಲ್ಲಿ ಎರಡು ಗುಂಪಿನ ನಡುವೆ ಹೆಚ್ಚಿನ ವ್ಯತ್ಯಾಸ ಇರಲಿಲ್ಲ.

ಈ ಕೊನೆಯ ಮಾತನ್ನು ಗಮನಿಸಿ. ಕೆಲವು ತಿಂಗಳ ಭೇಟಿಯಿಂದ ಪೆಟ್ಟಾದ ಮಿದುಳು ಹೊಸದಾಗಲಿಲ್ಲ. ಆದರೂ ಬದುಕು ಸುಧಾರಿಸಿತು. ಯಾಕೆ? ಮನೆ ಬದಲಾಯಿತು, ಮನೆಯವರ ತಿಳಿವಳಿಕೆ ಬದಲಾಯಿತು. ಮನುಷ್ಯನನ್ನು ಮನೆಗೆ ಹೊಂದಿಸಲು ಹೆಣಗಾಡುವ ಬದಲು ಮನೆಯನ್ನು ಮನುಷ್ಯನಿಗೆ ಹೊಂದಿಸಿ. ಈ ಪಾಠದ ಸಾರ ಇದೇ.

೩. ನಮ್ಮ ಮನೆಗಳಲ್ಲಿ ಹೇಗೆ?

ಕೊಡಗು, ಬೆಳಗಾವಿಯಂಥ ಜಿಲ್ಲೆಗಳಲ್ಲಿ ಮಾಜಿ ಸೈನಿಕರ ಕುಟುಂಬಗಳು ಬಹಳ ಇವೆ. ಕೆಲಸದಲ್ಲಿದ್ದಾಗ ಆದ ಪೆಟ್ಟು ಇರಬಹುದು, ನಿವೃತ್ತಿಯಾದ ಮೇಲೆ ಬೈಕಿನಿಂದ ಬಿದ್ದದ್ದೂ ಇರಬಹುದು. ಮನೆಯೊಳಗಿನ ಕಷ್ಟ ಒಂದೇ. ನಿವೃತ್ತ ಹವಾಲ್ದಾರರೊಬ್ಬರ ಮನೆ ಅಂತ ಇಟ್ಟುಕೊಳ್ಳಿ, ಹೀಗೆ ಮಾಡಬಹುದು:

• ಮರೆವು: ಬಾಯಲ್ಲಿ ಹತ್ತು ಸಲ ಹೇಳುವ ಬದಲು ದೊಡ್ಡ ಕ್ಯಾಲೆಂಡರಿನಲ್ಲಿ ಬರೆಯಿರಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಡಬ್ಬಿಯಲ್ಲಿ ಮಾತ್ರೆ ಇಡಿ. ಮೊಬೈಲಿನಲ್ಲಿ ಅಲಾರಂ ಇಡಿ. ಕೀಲಿಕೈ, ಕನ್ನಡಕ, ಪಿಂಚಣಿ ಪುಸ್ತಕಕ್ಕೆ ಒಂದೇ ಮೊಳೆ, ಒಂದೇ ಗೂಡು.

• ಕೆಲಸ ಶುರು ಮಾಡಲಾಗದಿರುವುದು: "ತೋಟದ ಕೆಲಸ ನೋಡಿ" ಅಂದರೆ ಅವರಿಗೆ ದಾರಿ ತೋಚದು. "ಮೊದಲು ಪೈಪ್ ಹಾಕಿ, ಆಮೇಲೆ ಈ ನಾಲ್ಕು ಗಿಡಕ್ಕೆ ನೀರು ಬಿಡಿ" ಅಂತ ಒಂದೊಂದೇ ಹೇಳಿ. ಸೈನ್ಯದಲ್ಲಿ ಗಂಟೆ ಪ್ರಕಾರ ಬದುಕಿದವರಿಗೆ ದಿನಚರಿ ಪಟ್ಟಿ ಹೊಸದಲ್ಲ, ಗೋಡೆಗೆ ಅಂಟಿಸಿ.

• ಸಿಟ್ಟು: ಯಾವ ಹೊತ್ತಿಗೆ, ಯಾವುದಕ್ಕೆ ಬರುತ್ತದೆ ಎಂದು ಒಂದು ವಾರ ಬರೆದಿಡಿ. ಎಷ್ಟೋ ಮನೆಗಳಲ್ಲಿ ಅದು ಸಂಜೆ ಹೊತ್ತು. ಆಗ ಮನುಷ್ಯ ದಣಿದಿರುತ್ತಾನೆ, ಟಿ.ವಿ., ಕುಕ್ಕರ್ ಸೀಟಿ, ಮಕ್ಕಳ ಗಲಾಟೆ ಎಲ್ಲಾ ಒಟ್ಟಿಗೇ. ಒಂದು ಶಬ್ದ ಕಡಿಮೆ ಮಾಡಿ. ಸಿಟ್ಟು ಏರಿದಾಗ ವಾದ ಬೇಡ, ಸ್ವಲ್ಪ ಹೊತ್ತು ಬೇರೆ ಕಡೆ ಇರಲಿ. ಮನೆಯವರ ಮೇಲೆ ಕೈಮಾಡುವ ಹಂತಕ್ಕೆ ಬಂದರೆ ಸುಮ್ಮನೆ ಸಹಿಸಿಕೊಂಡು ಕೂರಬಾರದು. ಹೆಂಡತಿ ಮಕ್ಕಳು ಮೊದಲು ಸುರಕ್ಷಿತ ಜಾಗಕ್ಕೆ ಹೋಗಲಿ, ಆಮೇಲೆ ಡಾಕ್ಟರಿಗೆ ತಿಳಿಸಿ.

• ದಣಿವು: ಕಷ್ಟದ ಕೆಲಸ ಬೆಳಗ್ಗೆ ಮುಗಿಯಲಿ. ಮಧ್ಯೆ ವಿಶ್ರಾಂತಿ ಇರಲಿ. ಮದುವೆ ಮನೆಗೆ ಹೋದರೆ ಅರ್ಧ ಗಂಟೆ ಇದ್ದು ಬಂದರೂ ಸಾಕು.

• ಅಪಾಯ: ಗ್ಯಾಸ್ ಒಲೆ ಮರೆಯುವವರಿದ್ದರೆ ಒಬ್ಬರು ಜೊತೆಗಿರಲಿ. ಕುಡಿತ ಪೂರ್ತಿ ಬೇಡ, ಅದು ಫಿಟ್ಸ್ ಬರುವ ಅಪಾಯ ಹೆಚ್ಚಿಸುತ್ತದೆ. ಡಾಕ್ಟರ್ ಒಪ್ಪುವ ತನಕ ಗಾಡಿ ಓಡಿಸಬಾರದು. ಎರಡನೇ ಸಲ ಪೆಟ್ಟಾದರೆ ಇನ್ನೂ ಕಷ್ಟ. ತಲೆನೋವು ಏರುತ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೋಗಬೇಡಿ. ಅವರಿಗೆ ಮುಖ್ಯವಾದ ಒಂದೋ ಎರಡೋ ವಿಷಯ ಸಾಕು. ಎಲ್ಲಾ ಕೆಲಸವನ್ನೂ ಅವರ ಕೈಯಿಂದ ಕಿತ್ತುಕೊಳ್ಳಲೂಬೇಡಿ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾದರೂ ವರ್ಷಗಟ್ಟಲೆ ಮುಂದುವರಿಯಬಹುದು.

೪. ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು?

ಮನೆ ಭೇಟಿಗೆ ಹೋದಾಗ ನಾವು ಪೆಟ್ಟಾದವರನ್ನು ಮಾತಾಡಿಸುತ್ತೇವೆ, ಒಳಗೆ ಕಾಫಿ ಮಾಡುತ್ತಿರುವ ಹೆಂಡತಿಯನ್ನು ಮರೆತುಬಿಡುತ್ತೇವೆ. ಗಂಡ ಜೀವಂತ ಇದ್ದಾನೆ, ಆದರೆ ಜೊತೆಗಾರನಾಗಿ ಇಲ್ಲ. ಈ ದುಃಖಕ್ಕೆ ಊರಲ್ಲಿ ಹೆಸರಿಲ್ಲ. ಯಾರೂ ಸಮಾಧಾನ ಹೇಳಲು ಬರೋದಿಲ್ಲ. "ನೀವು ನಿದ್ದೆ ಮಾಡ್ತೀರಾ ಅಮ್ಮಾ? ಊಟ ಮಾಡಿದ್ರಾ?" ಅಂತ ಅವರನ್ನೇ ಕೇಳಿ. ಸಾಧ್ಯವಾದರೆ ಒಬ್ಬರೇ ಇರುವಾಗ ಕೇಳಿ. ಮಕ್ಕಳಿಗೂ "ಅಪ್ಪನ ಸಿಟ್ಟಿಗೆ ನೀನು ಕಾರಣ ಅಲ್ಲ" ಎಂದು ಬಿಡಿಸಿ ಹೇಳಬೇಕು.

ಅಮೆರಿಕದಲ್ಲಿ 2010ರ ಒಂದು ಕಾಯಿದೆಯಿಂದ, ಗಂಭೀರವಾಗಿ ಗಾಯಗೊಂಡ ಮಾಜಿ ಸೈನಿಕರನ್ನು ನೋಡಿಕೊಳ್ಳುವ ಮನೆಯವರಿಗೆ ತಿಂಗಳ ಭತ್ಯೆ, ತರಬೇತಿ, ವಿರಾಮದ ವ್ಯವಸ್ಥೆ ದೊರೆಯಿತು. ನಮ್ಮಲ್ಲಿ ಸೈನ್ಯದ ವೈಕಲ್ಯ ಪಿಂಚಣಿ ಪಡೆಯುವವರಿಗೆ ನೂರಕ್ಕೆ ನೂರು ವೈಕಲ್ಯವಿದ್ದು, ಸದಾ ಒಬ್ಬರು ಜೊತೆಗಿರಬೇಕೆಂದು ವೈದ್ಯಕೀಯ ಮಂಡಳಿ ಶಿಫಾರಸು ಮಾಡಿದರೆ ಸಹಾಯಕರ ಭತ್ಯೆ ಇದೆ. ವಿರಾಮವನ್ನು ಮಾತ್ರ ಯಾವ ಆದೇಶವೂ ಕೊಡುವುದಿಲ್ಲ, ಅದನ್ನು ನಾವೇ ಕೊಡಬೇಕು. ವಾರದಲ್ಲಿ ಎರಡು ಗಂಟೆ ಸಂಘದ ಒಬ್ಬರು ಹೋಗಿ ಕೂತರೆ ಆ ತಾಯಿ ಸಂತೆಗೋ ತವರಿಗೋ ಹೋಗಿಬರಬಹುದು. ಇದಕ್ಕೆ ಖರ್ಚಿಲ್ಲ.

೫. ಎಲ್ಲಿ ವಿಚಾರಿಸಬೇಕು?

• ಮಾಜಿ ಸೈನಿಕರ ಆರೋಗ್ಯ ಯೋಜನೆ ಇ.ಸಿ.ಎಚ್.ಎಸ್. 2003ರ ಏಪ್ರಿಲ್‌ನಲ್ಲಿ ಶುರುವಾಯಿತು. ಸದಸ್ಯರಾದವರು ಮಡಿಕೇರಿ, ಮಂಗಳೂರು, ಬೆಳಗಾವಿ ಮುಂತಾದ ಕಡೆ ಇರುವ ಪಾಲಿಕ್ಲಿನಿಕ್‌ಗೆ ಹೋಗಬಹುದು.
• ಪಿಂಚಣಿ, ಭತ್ಯೆ ವಿಚಾರಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ.
• ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆಂದೇ ವಿಭಾಗ ಇದೆ.
• ವಿಕಲಚೇತನರ ಗುರುತಿನ ಚೀಟಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.
• ಮನಸ್ಸು ಕುಸಿದಾಗ, ಸಾಯುವ ಮಾತು ಬಂದಾಗ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು.

ಸಂಘದಲ್ಲಿ ಚರ್ಚೆಗೆ

1. ಪೆಟ್ಟಾದ ಮೇಲೆ "ಸೋಮಾರಿ", "ಸಿಡುಕ" ಅಂತ ಹೆಸರು ಪಡೆದವರು ನಮ್ಮೂರಲ್ಲಿ ಇದ್ದಾರೆಯೇ? ಅವರ ಹೆಸರು ಹೇಳುವುದು ಬೇಡ, ಕಷ್ಟ ಏನೆಂದು ಯೋಚಿಸಿ.
2. ಆ ಮನೆಯಲ್ಲಿ ಖರ್ಚಿಲ್ಲದೆ ಬದಲಾಯಿಸಬಹುದಾದ ಎರಡು ಸಂಗತಿ ಯಾವುವು?
3. ನೋಡಿಕೊಳ್ಳುವವರಿಗೆ ವಾರಕ್ಕೆ ಎರಡು ಗಂಟೆ ವಿರಾಮ ಕೊಡಲು ನಮ್ಮಲ್ಲಿ ಯಾರು, ಯಾವ ದಿನ ಹೋಗುತ್ತೇವೆ? ಹೆಸರು, ದಿನ ಎರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಯಲ್ಲಿ ವರದಿ ಕೇಳೋಣ.