ಕಸೂತಿಯ ಕೈಗೆ ಹೊಸ ಕಲ್ಪನೆ ಎಲ್ಲಿಂದ ಬರುವುದು?

ಸೂಜಿಯನ್ನೂ ನೂಲನ್ನೂ ಚೆನ್ನಾಗಿ ಬಲ್ಲ ಸ್ತ್ರೀಯರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಆದರೆ ಅವರಲ್ಲಿ ಅನೇಕರ ಬಾಯಿಂದ ನಾವು ಕೇಳುವ ಮಾತು ಒಂದುಂಟು. ಅದೇನಂದರೆ, “ನಮಗೆ ಕೈ ಉಂಟು, ತಲೆ ಇಲ್ಲ, ಯಾರಾದರೂ ಮಾದರಿಯನ್ನು ಕೊಟ್ಟರೆ ಹಾಕಬಲ್ಲೆವು, ನಮ್ಮಷ್ಟಕ್ಕೆ ಏನೂ ತೋಚದು” ಎಂಬದೇ. ಇದು ವಿನಯದ ಮಾತಾಗಿ ತೋರಿದರೂ ಇದರಿಂದಾಗುವ ನಷ್ಟವು ಅಲ್ಪವಲ್ಲ. ಯಾಕಂದರೆ ಕೊಟ್ಟ ಮಾದರಿಯನ್ನು ಇದ್ದ ಹಾಗೆಯೇ ತೆಗೆಯುವ ಕೆಲಸವನ್ನು ಈಗ ಯಂತ್ರವು ಮನುಷ್ಯರ ಕೈಗಿಂತ ಎಷ್ಟೋ ಬೇಗನೆ, ಎಷ್ಟೋ ಕಡಿಮೆ ಬೆಲೆಗೆ ಮಾಡುತ್ತದೆ. ಕೈಯನ್ನು ಮಾತ್ರ ಮಾರುವವಳು ಯಂತ್ರದ ಸಂಗಡ ಪಂದ್ಯಕ್ಕೆ ನಿಂತ ಹಾಗಾಯಿತು. ಆ ಪಂದ್ಯದಲ್ಲಿ ಆಕೆ ಗೆಲ್ಲುವ ಹಾಗಿಲ್ಲ. ತಾನು ಕಂಡದ್ದನ್ನು ಬಟ್ಟೆಯ ಮೇಲೆ ತರಬಲ್ಲವಳ ಕೆಲಸವಾದರೋ ಬೇರೆ. ಅದು ಬೇಕಾದವರು ಆಕೆಯ ಬಳಿಗೇ ಬರಬೇಕು.

ಹೀಗಿರಲಾಗಿ, ಕಲ್ಪನೆಯೆಂಬದು ಕೆಲವರಿಗೆ ಮಾತ್ರ ಹುಟ್ಟಿನೊಡನೆ ಬಂದ ಸೊತ್ತೋ, ಇಲ್ಲವೆ ಅಭ್ಯಾಸದಿಂದ ಯಾರಾದರೂ ಪಡೆಯಬಹುದಾದದ್ದೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು. ಧಾರವಾಡ ಸೀಮೆಯ ಕಸೂತಿಯನ್ನು ಮುಖ್ಯ ಉದಾಹರಣೆಯಾಗಿ ಹಿಡಿದು, ಬೇರೆ ದೇಶಗಳ ಕೆಲವರ ಕೆಲಸವನ್ನು ಅದರ ಮಗ್ಗುಲಲ್ಲಿಟ್ಟು ನೋಡುವೆವು.

೧. ಕಣ್ಣಿನ ಮುಂದಿರುವದನ್ನು ನೋಡುವದು

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಸೀಮೆಗಳಲ್ಲಿ ತಾಯಿಯಿಂದ ಮಗಳಿಗೆ ಕಸೂತಿಯು ಇಳಿದು ಬಂದದೆ. ಇಳಕಲ್ಲ ಸೀರೆಯ ಸೆರಗಿನಲ್ಲಿಯೂ, ಕುಪ್ಪಸದ ತೋಳಿನಲ್ಲಿಯೂ, ಮಗುವಿನ ಕುಲಾವಿಯಲ್ಲಿಯೂ ಅದನ್ನು ಹಾಕುತ್ತಿದ್ದರು. ಮದುವೆಯ ಹೆಣ್ಣಿಗೆ ಕೊಡುವ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಮೇಲೆ ಅದರ ಅಂದವನ್ನು ವಿಶೇಷವಾಗಿ ಕಾಣಬಹುದು.

ಹಳೆಯ ಸೆರಗೊಂದನ್ನು ಬಿಚ್ಚಿ, ಅದರ ಮೇಲೆ ಏನೇನು ಅದೆ ಎಂದು ಎಣಿಸಿ ನೋಡಿರಿ. ಗೋಪುರ, ತೇರು, ಪಲ್ಲಕ್ಕಿ, ತುಳಸೀಕಟ್ಟೆ, ಅಂಬಾರಿ ಹೊತ್ತ ಆನೆ, ಗಿಣಿ, ನವಿಲು, ತಾವರೆ, ತೊಟ್ಟಿಲು. ಇವುಗಳಲ್ಲಿ ಆ ಸ್ತ್ರೀಯು ಕಾಣದ ದೇಶದಿಂದ ಬಂದದ್ದು ಯಾವದಾದರೂ ಉಂಟೋ? ತೇರು ಆಕೆಯ ಊರಿನ ಜಾತ್ರೆಯಲ್ಲಿ ಎಳೆದದ್ದು. ಕಟ್ಟೆ ಆಕೆಯ ನೆರೆಮನೆಯ ಅಂಗಳದಲ್ಲಿದ್ದದ್ದು. ತೊಟ್ಟಿಲು ಆಕೆಯೇ ತೂಗಿದ್ದು. ಅಪೂರ್ವವಾದದ್ದನ್ನು ಹುಡುಕುತ್ತಾ ಆಕೆ ಎಲ್ಲಿಗೂ ಹೋಗಲಿಲ್ಲ. ದಿನಾಲು ಕಾಣುವದನ್ನು ಸರಿಯಾಗಿ ನೋಡಿದಳು. ಮನೆಯೊಳಗೆ ಗೋಪುರವಿಲ್ಲದವಳು ಗೋಪುರವನ್ನು ಹಾಕಬೇಕೆಂದಿಲ್ಲ. ಆಕೆಯ ಕಣ್ಣಿಗೆ ಜೋಳದ ತೆನೆಯೋ, ನೊಗವೋ, ನೀರಿನ ಕೊಡವೋ ಬಿದ್ದರೆ ಅದೇ ಸಾಕು.

ಇದಕ್ಕೆ ಸರಿಯಾದ ದೃಷ್ಟಾಂತವು ಇಂಗ್ಲಂಡಿನಲ್ಲಿಯೂ ಉಂಟು. ವಿಲಿಯಂ ಮಾರಿಸ್ (೧೮೩೪–೧೮೯೬) ಎಂಬವನು ಬಟ್ಟೆಗೂ ಗೋಡೆಯ ಕಾಗದಕ್ಕೂ ಚಿತ್ತಾರಗಳನ್ನು ಮಾಡಿ ಬಹಳ ಹೆಸರು ಪಡೆದನು. ಆತನ ಚಿತ್ತಾರಗಳಲ್ಲಿ ೧೮೮೩ರಲ್ಲಿ ಮಾಡಿದ ‘ಸ್ಟ್ರಾಬೆರಿ ಕಳ್ಳ’ ಎಂಬದು ಇಂದಿಗೂ ಜನರಿಗೆ ಪ್ರಿಯವಾಗಿದೆ. ಅದರ ಮೂಲವೇನಂದರೆ, ಕೆಲ್ಮ್‌ಸ್ಕಾಟ್ ಎಂಬ ಹಳ್ಳಿಯ ಆತನ ಮನೆಯ ತೋಟದಲ್ಲಿ ತ್ರಷ್ ಎಂಬ ಹಾಡುಹಕ್ಕಿಗಳು ಬಲೆಯ ಕೆಳಗೆ ನುಸುಳಿ ಸ್ಟ್ರಾಬೆರಿ ಹಣ್ಣುಗಳನ್ನು ಕದಿಯುತ್ತಿದ್ದದ್ದೇ. ಅದನ್ನು ಕಂಡ ಬೇರೊಬ್ಬನು ಕಲ್ಲು ಎಸೆದು ಸುಮ್ಮನಾಗುತ್ತಿದ್ದನು. ಮಾರಿಸನು ಹಕ್ಕಿಯ ಕೊಕ್ಕು, ಹಣ್ಣು, ಎಲೆ, ಹೂವು ಎಲ್ಲವನ್ನು ನೋಡಿ ಬಟ್ಟೆಯ ಮೇಲೆ ತಂದನು.

೨. ಬಟ್ಟೆಯ ಕಟ್ಟಳೆಗೆ ಒಳಪಡುವದು

ನೋಡಿದ್ದೆಲ್ಲವೂ ನೋಡಿದ ಹಾಗೆಯೇ ಬಟ್ಟೆಯ ಮೇಲೆ ಬಾರದು. ಇಲ್ಲಿಯೇ ಬಹಳ ಮಂದಿ ಕೈಬಿಡುತ್ತಾರೆ. ಆದರೆ ಈ ಅಡ್ಡಿಯೊಳಗೇ ಎರಡನೆಯ ಬುಗ್ಗೆಯು ಅಡಗಿದೆ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆಯುವ ಪದ್ಧತಿಯಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಇಳಿಸಬೇಕು. ಎಳೆ ಎಣಿಸಲಾಗದ ನವುರಾದ ಬಟ್ಟೆಯಾದರೆ ಅದರ ಮೇಲೆ ಜಾಳಾದ ಬಟ್ಟೆಯೊಂದನ್ನು ಹೊಲಿದು, ಅದರ ಎಳೆಗಳನ್ನು ಎಣಿಸಿ ಹಾಕಿ, ಕೆಲಸ ಮುಗಿದ ಮೇಲೆ ಆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವರು. ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿಯು ಕೆಲವು ಎಳೆಗಳ ಮೇಲೆ, ಅಷ್ಟೇ ಎಳೆಗಳ ಕೆಳಗೆ ಹೋಗುತ್ತಾ ಸಾಲನ್ನು ಮುಗಿಸಿ, ಅದೇ ದಾರಿಯಲ್ಲಿ ಹಿಂದಿರುಗಿ ಬಿಟ್ಟ ಸ್ಥಳಗಳನ್ನು ತುಂಬುತ್ತದೆ. ಆದದರಿಂದ ಬಟ್ಟೆಯ ಎರಡು ಮುಖಗಳೂ ಒಂದೇ ತೆರನಾಗಿ ಕಾಣುವವು. ಮುರ್ಗಿಯು ಮೆಟ್ಟಲು ಮೆಟ್ಟಲಾಗಿ ಹೋಗುವದು. ಅದಕ್ಕೂ ಎರಡು ಮುಖ ಒಂದೇ. ನೇಗಿಯು ನೆಯ್ದ ಹಾಗೆ ತೋರುವದು. ಮೆಂತಿಯು ಗುಣಿಸು ಚಿಹ್ನೆಯ ಹಾಗೆ ಒಂದರ ಮೇಲೊಂದು ಹಾಯುವದು. ಅದಕ್ಕೆ ನೂಲು ಹೆಚ್ಚು ಬೇಕು, ಅದರ ಹಿಂಮುಖವು ಮುಮ್ಮುಖದಂತಿರದು. ಇದೆಲ್ಲದರಲ್ಲಿ ಗಂಟು ಹಾಕತಕ್ಕದ್ದಲ್ಲ ಎಂಬದು ಹಿರಿಯರ ನಿಯಮ.

ಇದರಿಂದ ಏನಾಗುವದೆಂದು ಯೋಚಿಸಿರಿ. ಎಳೆ ಎಣಿಸಿ ಹಾಕುವಾಗ ಗೆರೆಯು ಅಡ್ಡವಾಗಿ, ಉದ್ದವಾಗಿ, ಓರೆಯಾಗಿ ಹೋಗಬಹುದು, ದುಂಡಗೆ ತಿರುಗಲಾರದು. ಹಾಗಾದರೆ ದುಂಡಗಿನ ಆನೆಯನ್ನು ಹಾಕುವದು ಹೇಗೆ? ಬೆನ್ನನ್ನು ಮೆಟ್ಟಲುಗಳಾಗಿ ಒಡೆಯಬೇಕು, ಸೊಂಡಿಲನ್ನು ಕೋನಗಳಾಗಿ ಮಡಚಬೇಕು, ಕಾಲುಗಳನ್ನು ಕಂಬಗಳಾಗಿ ನಿಲ್ಲಿಸಬೇಕು. ಹೀಗೆ ಹುಟ್ಟಿದ ಆನೆಯು ಕಾಡಿನಲ್ಲಿಯೂ ಇಲ್ಲ, ಚಿತ್ರಗಾರನ ಕಾಗದದಲ್ಲಿಯೂ ಇಲ್ಲ. ಅದು ಬಟ್ಟೆಯಲ್ಲಿ ಮಾತ್ರ ಹುಟ್ಟುವಂಥಾದ್ದು. ಇನ್ನೊಂದು ವಿಷಯವುಂಟು. ಗಂಟಿಲ್ಲದೆ ನೂಲು ಹೋಗಿ ಹಿಂದಿರುಗಬೇಕಾದದರಿಂದ, ಕವಲೊಡೆಯುವ ಕಡೆಗಳಲ್ಲಿ ಯಾವ ಕವಲನ್ನು ಮೊದಲು ಮುಗಿಸಿ ಬರಬೇಕೆಂಬದನ್ನು ಮುಂಚಿತವಾಗಿ ನಿಶ್ಚಯಿಸಬೇಕು. ಈ ದಾರಿಯನ್ನು ಹುಡುಕುತ್ತಿರುವಾಗಲೇ, ‘ಇಲ್ಲಿ ಇನ್ನೊಂದು ಕವಲು ಇದ್ದರೆ ಚೆನ್ನಾಗಿತ್ತು’ ಎಂದು ತೋಚುವದು. ಕಲ್ಪನೆಯು ಕೆಲಸಕ್ಕೆ ಮುಂಚೆ ಬರುವದೆಂದು ಕಾದು ಕೂತವಳಿಗೆ ಇದು ತೋಚದು. ಸೂಜಿ ನಡಿಸುವವಳಿಗೆ ತೋಚುವದು.

ಈ ಗವಂತಿಯನ್ನು ಹೋಲುವ ಹೊಲಿಗೆಯು ಯೂರೋಪಿನಲ್ಲಿಯೂ ಇತ್ತು. ಬಾಸೆಲ್ ಪಟ್ಟಣದಲ್ಲಿ ಬಹುಕಾಲ ಕೆಲಸ ಮಾಡಿ, ಅನಂತರ ಇಂಗ್ಲಂಡಿನ ಅರಮನೆಗೆ ಹೋದ ಹಾನ್ಸ್ ಹೋಲ್ಬೈನ್ ಎಂಬ ಚಿತ್ರಗಾರನು, ೧೫೩೬ರ ಸುಮಾರಿಗೆ ಜೇನ್ ಸೀಮೋರ್ ರಾಣಿಯ ಚಿತ್ರವನ್ನು ಬರೆಯುವಾಗ ಆಕೆಯ ತೋಳಿನ ಅಂಚಿನ ಕಸೂತಿಯನ್ನು ಎಷ್ಟು ಸೂಕ್ಷ್ಮವಾಗಿ ತೋರಿಸಿದನಂದರೆ, ಆ ತರದ ಹೊಲಿಗೆಗೆ ಅಲ್ಲಿಯವರು ಹೋಲ್ಬೈನ್ ಹೊಲಿಗೆ ಎಂದೇ ಹೆಸರಿಟ್ಟರು. ಚಿತ್ರ ಬರೆದವನ ಹೆಸರು ಉಳಿಯಿತು. ಹೊಲಿದವಳ ಹೆಸರು ಉಳಿಯಲಿಲ್ಲ. ಇದನ್ನೂ ನಾವು ಮರೆಯಬಾರದು.

ಕಟ್ಟಳೆಯೇ ಬುಗ್ಗೆಯಾಗುವದೆಂಬದಕ್ಕೆ ನಮ್ಮ ಕಾಲಕ್ಕೆ ಸಮೀಪವಾದ ಸಾಕ್ಷಿ ಆನ್ನಿ ಆಲ್ಬರ್ಸ್ (೧೮೯೯–೧೯೯೪) ಎಂಬಾಕೆ. ಈಕೆ ಬರ್ಲಿನಿನಲ್ಲಿ ಹುಟ್ಟಿ, ೧೯೨೨ರಲ್ಲಿ ಜರ್ಮನಿಯ ಬೌಹೌಸ್ ಎಂಬ ಕಲಾಶಾಲೆಗೆ ಸೇರಿದಳು. ಆಕೆಗೆ ನೆಯ್ಗೆಯ ಮೇಲೆ ಮನಸ್ಸಿರಲಿಲ್ಲ. ಆದರೆ ಸ್ತ್ರೀಯರನ್ನು ಹೆಚ್ಚಾಗಿ ನೆಯ್ಗೆಯ ವಿಭಾಗಕ್ಕೇ ಕಳುಹಿಸುತ್ತಿದ್ದದರಿಂದ ಅಲ್ಲಿಗೆ ಹೋಗಬೇಕಾಯಿತು. ಬೇಡವೆಂದು ಹಿಡಿದ ಎಳೆಯೇ ಕ್ರಮೇಣ ಆಕೆಯನ್ನು ಹಿಡಿಯಿತು. ಮಗ್ಗದ ನಿಯಮಗಳೊಳಗೇ ಎಷ್ಟು ಹೊಸದು ಹುಟ್ಟಬಹುದೆಂಬದನ್ನು ಆಕೆ ಕಂಡುಕೊಂಡಳು. ೧೯೪೯ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಆಕೆಯ ನೆಯ್ಗೆಗಳನ್ನು ಮಾತ್ರ ಇಟ್ಟು ಪ್ರದರ್ಶನ ಮಾಡಿದರು.

೩. ಹಳೆಯ ಕೆಲಸವನ್ನು ಬಿಡಿಸಿ ಕಲಿಯುವದು

ಮೂರನೆಯದಾಗಿ, ಹೊಸದನ್ನು ಮಾಡಬೇಕೆಂಬವರು ಹಳೆಯದನ್ನು ಕಡೆಗಣಿಸಬಾರದು. ಮೇಲೆ ಹೇಳಿದ ಮಾರಿಸನಿಗೆ ಕಸೂತಿಯನ್ನು ಕಲಿಸುವ ಗುರುವಿರಲಿಲ್ಲ. ಆತನು ಹಳೆಯ ಕಸೂತಿಯ ತುಂಡುಗಳನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ಸೂಜಿಯು ಹೋದ ದಾರಿಯನ್ನು ತಿಳುಕೊಂಡು, ತನ್ನ ಹೆಂಡತಿಗೂ ಹೇಳಿಕೊಟ್ಟನು. ಆತನ ಮಗಳಾದ ಮೇ ಮಾರಿಸ್ ೧೮೮೫ರಲ್ಲಿ, ತನ್ನ ೨೩ನೆಯ ವಯಸ್ಸಿನಲ್ಲಿ, ತಂದೆಯ ಕಾರ್ಖಾನೆಯ ಕಸೂತಿ ವಿಭಾಗಕ್ಕೆ ಮುಖ್ಯಸ್ಥಳಾದಳು. ಆನ್ನಿ ಆಲ್ಬರ್ಸಳೂ ೧೯೩೩ರಲ್ಲಿ ಅಮೇರಿಕಕ್ಕೆ ಹೋದ ಮೇಲೆ ಆ ಖಂಡದ ಪುರಾತನ ನೆಯ್ಗೆಗಳನ್ನು ಅಭ್ಯಾಸ ಮಾಡಿದಳು. ೧೯೬೫ರಲ್ಲಿ ನೆಯ್ಗೆಯ ವಿಷಯವಾಗಿ ಆಕೆ ಬರೆದ ಪುಸ್ತಕವನ್ನು ಪೆರು ದೇಶದ ಪ್ರಾಚೀನ ನೇಯಿಗೆಯವರಿಗೆ, ತನ್ನ ಗುರುಗಳೆಂದು ಎಣಿಸಿ, ಅರ್ಪಿಸಿದಳು. ಹೆಸರೇ ತಿಳಿಯದ, ಸತ್ತು ಶತಮಾನಗಳಾದ ಜನರನ್ನು ಆಕೆ ಗುರುಗಳೆಂದಳು. ಯಾಕಂದರೆ ಅವರ ಬಟ್ಟೆಯು ಇನ್ನೂ ಪಾಠ ಹೇಳುತ್ತಿತ್ತು.

ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿಯೂ ಇಂಥಾ ಗುರುಗಳಿದ್ದಾರೆ. ಅಜ್ಜಿಯ ಸೀರೆಯು ಹರಿದಿದೆಯೆಂದು ಪಾತ್ರೆಯವನಿಗೆ ಕೊಟ್ಟುಬಿಡುವ ಮೊದಲು ಸೆರಗನ್ನು ತಿರುಗಿಸಿ ಹಿಂಮುಖವನ್ನು ನೋಡಿರಿ. ನೂಲು ಎಲ್ಲಿ ಆರಂಭವಾಯಿತು, ಎಲ್ಲಿ ಹಿಂದಿರುಗಿತು, ಗಂಟಿಲ್ಲದೆ ಹೇಗೆ ಮುಗಿಯಿತು ಎಂಬದನ್ನು ಅಲ್ಲಿ ಓದಬಹುದು. ಆದರೂ ಹಳೆಯದನ್ನು ಹಾಗೆಯೇ ತೆಗೆದು ನಿಲ್ಲಿಸಬಾರದು. ಒಂದು ಸಾರಿ ಇದ್ದ ಹಾಗೆ ಹಾಕಿ ಕೈಗೆ ತಂದುಕೊಂಡ ಮೇಲೆ, ಎರಡನೆಯ ಸಾರಿ ಯಾವದಾದರೂ ಒಂದನ್ನು ಮಾತ್ರ ಬದಲಾಯಿಸಿರಿ: ಎಳೆಯ ಲೆಕ್ಕವನ್ನೋ, ನಡುವಿನ ಅಂತರವನ್ನೋ, ಬಣ್ಣವನ್ನೋ. ಒಂದೇ ಬದಲಾವಣೆಯಿಂದ ಹತ್ತು ದಾರಿಗಳು ತೆರೆಯುವದನ್ನು ಕಾಣುವಿರಿ.

೪. ಕೊರತೆಯಿಂದಲೂ ಪ್ರೀತಿಯಿಂದಲೂ ಹುಟ್ಟುವದು

‘ಒಳ್ಳೇ ಬಟ್ಟೆಯಿಲ್ಲ, ಒಳ್ಳೇ ನೂಲಿಲ್ಲ, ನಮ್ಮಂಥಾ ಬಡವರಿಗೆ ಕಲೆ ಯಾತಕ್ಕೆ?’ ಎಂದು ಕೆಲವರು ಹೇಳಾರು. ಇವರಿಗೆ ಉತ್ತರವಾಗಿ ಅಮೇರಿಕದ ಅಲಬಾಮ ಸಂಸ್ಥಾನದ ಜೀಸ್ ಬೆಂಡ್ ಎಂಬ ಹಳ್ಳಿಯನ್ನು ತೋರಿಸುವೆವು. ನದಿಯ ತಿರುವಿನಲ್ಲಿರುವ ಆ ಹಳ್ಳಿಯವರು ಹೆಚ್ಚಾಗಿ ಗುಲಾಮರಾಗಿದ್ದವರ ಸಂತತಿಯವರು, ಬಡ ಬೇಸಾಯಗಾರರು. ಚಳಿಯನ್ನು ತಡೆಯುವದಕ್ಕೋಸ್ಕರ ಅಲ್ಲಿಯ ಸ್ತ್ರೀಯರು ಹೊಲದ ಕೆಲಸದಲ್ಲಿ ಸವೆದ ಅಂಗಿ ಷರಾಯಿಗಳನ್ನು ಹರಿದು ಜೋಡಿಸಿ ಹೊದಿಕೆಗಳನ್ನು ಹೊಲಿಯುತ್ತಿದ್ದರು. ೧೯೪೨ರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬ ವಿಧವೆಯು, ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನೇ ಕೂಡಿಸಿ ತನ್ನ ಮಗಳ ಸಹಾಯದಿಂದ ಒಂದು ಹೊದಿಕೆಯನ್ನು ಮಾಡಿದಳು. ಆತನ ನೆನಪನ್ನು ಹೊದ್ದುಕೊಳ್ಳಬೇಕೆಂಬದೇ ಆಕೆಯ ಆಶೆ. ಬಿಸಿಲಿಗೂ ಬೆವರಿಗೂ ಮಾಸಿದ ಆ ಬಣ್ಣಗಳನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಿಕ್ಕಾಗದು. ೨೦೦೨ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿ ಆ ಹಳ್ಳಿಯವರ ಹೊದಿಕೆಗಳನ್ನು ಗೋಡೆಗೆ ತೂಗಹಾಕಿದಾಗ, ಕಲೆಯನ್ನು ಬಲ್ಲವರು ಆಶ್ಚರ್ಯಪಟ್ಟು ನಿಂತರು.

ನಮ್ಮಲ್ಲಿಯೂ ಕೌದಿಯೆಂಬದುಂಟು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿ, ಆಫ್ರಿಕದಿಂದ ಬಂದವರ ಸಂತತಿಯವರಾದ ಸಿದ್ದಿಯರ ಸ್ತ್ರೀಯರು, ಹಳೇ ಬಟ್ಟೆಯ ತುಂಡುಗಳನ್ನಿಟ್ಟು, ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರುವ ಹಾಗೆ ಹೊಲಿಯುತ್ತಾರೆ. ಅವರೊಳಗೆ ಕ್ರೈಸ್ತರಾದವರು ಕೆಲವೊಮ್ಮೆ ಶಿಲುಬೆಯನ್ನೂ, ಮುಸಲ್ಮಾನರು ಅರ್ಧಚಂದ್ರವನ್ನೂ ಸೇರಿಸುವದುಂಟು. ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಸಣ್ಣ ‘ಫುಲ’ವನ್ನು, ಅಂದರೆ ಹೂವನ್ನು, ಇಡದಿದ್ದರೆ ಕೌದಿಯು ಮುಗಿದಂತೆ ಅವರಿಗೆ ತೋರದು. ಚಳಿಗೆ ಹೂವು ಬೇಕಿಲ್ಲ, ಆದರೂ ಇಡುತ್ತಾರೆ. ಅಗತ್ಯಕ್ಕಿಂತ ಒಂದು ಹೂವು ಹೆಚ್ಚಾಗಿ ಕೊಡಬೇಕೆಂಬ ಆ ಮನಸ್ಸಿನಿಂದಲೇ ಕಲೆಯು ಹುಟ್ಟುವದು.

೫. ಒಂದು ತಿಂಗಳ ಅಭ್ಯಾಸ

ಇಷ್ಟನ್ನು ಓದಿದವರು ಮಾಡತಕ್ಕದ್ದು ಇದು. ಮೊದಲನೆಯ ವಾರದಲ್ಲಿ ದಿನಕ್ಕೊಂದರಂತೆ ಮನೆಯ ಅಂಗಳದಲ್ಲಿಯೋ ಹೊಲದಲ್ಲಿಯೋ ಕಂಡ ವಸ್ತುವನ್ನು ಸೀಸದ ಕಡ್ಡಿಯಿಂದ ಬರೆದಿಡಿರಿ, ಚಿತ್ರವು ಅಂದವಾಗಬೇಕೆಂದಿಲ್ಲ. ಎರಡನೆಯ ವಾರದಲ್ಲಿ ಅವುಗಳಲ್ಲಿ ಒಂದನ್ನು ಆರಿಸಿ, ಮಕ್ಕಳ ಲೆಕ್ಕದ ಚೌಕದ ಕಾಗದದ ಮೇಲೆ ಅಡ್ಡ, ಉದ್ದ, ಓರೆ ಗೆರೆಗಳಿಂದಲೇ ತಿರಿಗಿ ಬರೆಯಿರಿ. ಒಂದು ಚೌಕಕ್ಕೆ ನಾಲ್ಕು ಎಳೆಗಳೆಂದು ಎಣಿಸಬಹುದು. ಮೂರನೆಯ ವಾರದಲ್ಲಿ ಅದನ್ನು ದಪ್ಪ ಎಳೆಯ ಬಟ್ಟೆಯ ತುಂಡಿನ ಮೇಲೆ ಗವಂತಿಯಿಂದ ಹಾಕಿ, ಹಿಂಮುಖವನ್ನು ಪರೀಕ್ಷಿಸಿರಿ. ನಾಲ್ಕನೆಯ ವಾರದಲ್ಲಿ ಅದನ್ನೇ ನಿಮಗೆ ಪ್ರಿಯರಾದ ಒಬ್ಬರ ಉಡುಪಿನ ಮೇಲೆ ಹಾಕಿ ಕೊಡಿರಿ. ಹೀಗೆ ವರುಷಕ್ಕೆ ಹನ್ನೆರಡು ಮಾದರಿಗಳಾಗುವವು; ಅವು ನಿಮ್ಮ ಹೊರತು ಬೇರೆ ಯಾರಲ್ಲಿಯೂ ಇರವು. ಆ ಮೇಲೆ ‘ನಮಗೆ ತಲೆಯಿಲ್ಲ’ ಎಂಬ ಮಾತನ್ನು ನೀವು ಆಡಲಾರಿರಿ.

ಪ್ರಶ್ನೆಗಳು

(೧) ಕಸೂತಿಯ ಹಳೆಯ ಮಾದರಿಗಳು ಎಲ್ಲಿಂದ ಬಂದವು? ನಿಮ್ಮ ಅಂಗಳದಲ್ಲಿ ಅಂಥಾವು ಯಾವವು?
(೨) ಕಸೂತಿಯ ಆನೆಯು ಯಾಕೆ ಕೋನ ಕೋನವಾಗಿದೆ?
(೩) ಯಾವ ಹೊಲಿಗೆಗಳ ಎರಡು ಮುಖಗಳೂ ಒಂದೇ ತೆರನಾಗಿರುವವು? ಅದಕ್ಕೆ ಕಾರಣವೇನು?
(೪) ಮಾರಿಸನೂ ಆನ್ನಿ ಆಲ್ಬರ್ಸಳೂ ಹಳೆಯ ಕೆಲಸದಿಂದ ಕಲಿತದ್ದು ಹೇಗೆ?
(೫) ಕೌದಿಯ ಮೂಲೆಯ ಹೂವಿನಿಂದ ನಾವು ಏನನ್ನು ತಿಳುಕೊಳ್ಳಬಹುದು?